ಜೊತೆಗೆ ಓಡಿದ ಸುತ್ತು

ಕಾಲೇಜಿನ ಹಳೇ ವ್ಯಾಯಾಮದ ಕೋಣೆಯನ್ನು ಪ್ರದರ್ಶನಾಲಯ ಮಾಡುವ ಕೆಲಸ ಸೊಸೆಗೆ ಸಿಕ್ಕಿದ ದಿನದಿಂದ ಅತ್ತೆ ಮುಖ ಕೊಟ್ಟು ಮಾತಾಡಿರಲಿಲ್ಲ. ಮಂಡಿನೋವು ಇರಬೇಕು ಅಂದುಕೊಂಡಳು ಸೊಸೆ.

ಆ ಕಾಲೇಜಿನದು ವಿಚಿತ್ರ ಪದ್ಧತಿ. ವರ್ಷದ ದೂರದ ಓಟದಲ್ಲಿ ಗೆದ್ದವರು ಕೂಡಲೇ ಕಪ್ ಮುಟ್ಟುವ ಹಾಗಿಲ್ಲ. ತಿರುಗಿ ಹೋಗಿ, ಎಲ್ಲರಿಗಿಂತ ಹಿಂದೆ ಬಿದ್ದವರ ಜೊತೆ ಇನ್ನೊಂದು ಸುತ್ತು ಓಡಬೇಕು. ನಲವತ್ತು ವರ್ಷದ ಕೆಳಗೆ ಮೊದಲ ಸಲ ಹಾಗೆ ಓಡಿದ ಇಬ್ಬರು ಹುಡುಗಿಯರ ಫೋಟೋ, ಪ್ರದರ್ಶನಕ್ಕೆಂದು ತಂದ ಕಾಗದಗಳ ನಡುವಿನಿಂದ ಊಟದ ಮೇಜಿನ ಮೇಲೆ ಬಿದ್ದಾಗ ಸೊಸೆಗೆ ವಿಷಯ ತಿಳಿಯಿತು. ಹಿಂದೆ ಬಿದ್ದವಳ ಮೂಗು ಥೇಟ್ ತನ್ನ ಗಂಡನದು.

"ಅತ್ತೆ, ನಿಮ್ಮ ಹೆಸರು ಹಾಕ್ತೀನಿ."

"ಹಾಕು. ಆಮೇಲೆ ನಿನ್ನ ಅಡುಗೆ ನೀನೇ ಮಾಡ್ಕೊಂಡು ತಿನ್ನು."

ಸೊಸೆಯ ಅಡುಗೆ ಉಂಡವರಿಗೆ ಗೊತ್ತು, ಅದು ಸಣ್ಣ ಬೆದರಿಕೆಯಲ್ಲ. ಹೆಸರು ಬಿಟ್ಟು, ಕಾಲೇಜಿನ ಸ್ಮರಣ ಸಂಚಿಕೆಯ ಸಾಲನ್ನೇ ಎತ್ತಿ ಗೋಡೆಗೆ ಅಂಟಿಸಿದಳು: 'ಅಳುತ್ತಾ ನಿಂತ ಗೆಳತಿಯ ಕೈಹಿಡಿದು ಓಡಿಸಿದಳು ವಿಜೇತೆ.' ಅಂಗೈಯಗಲದ ಅಕ್ಷರಗಳು, ಮೇಲೊಂದು ಹಳದಿ ದೀಪ. ನೋಡಲು ಚೆನ್ನಾಗಿಯೇ ಇತ್ತು.

ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ, ಸೊಸೆ ಮರೆತು ಬಂದ ಊಟದ ಡಬ್ಬಿ ಹಿಡಿದು ಅತ್ತೆಯೇ ಬಂದರು. ಗೋಡೆ ಓದಿದರು.

"ನಾನು ಅಳ್ತಿರ್ಲಿಲ್ಲ," ಅಂದರು. "ಅಳ್ತಿದ್ದೋಳು ಅವಳು. ಗೆದ್ದಿದಾಳೆ, ನೋಡೋಕೆ ಮನೆಯಿಂದ ಒಬ್ರೂ ಬಂದಿಲ್ಲ. ಒಬ್ಬಳೇ ನಿಲ್ಲೋಕಾಗ್ದೆ ನನ್ನ ಹತ್ರ ಓಡಿ ಬಂದ್ಲು. ಸುತ್ತು ಪೂರ್ತಿ ಸಮಾಧಾನ ಮಾಡಿದ್ದು ನಾನು. ಮಾರನೇ ದಿನದಿಂದ ಕಾಲೇಜಿಗೆಲ್ಲ ನಾನೇ ಪಾಪದವಳು. ಅವಳ ಮಾನ ಯಾಕೆ ತೆಗೀಲಿ ಅಂತ ಸುಮ್ನಿದ್ದೆ."

ಸೊಸೆಗೆ ತುಂಬಾ ನಾಚಿಕೆಯಾಯಿತು. ಊರೆಲ್ಲ ತಿರುಗಿ ಕಾಗದಪತ್ರ ಹುಡುಕಿದವಳು ಮನೆಯಲ್ಲೇ ಇದ್ದವರನ್ನು ಒಂದು ಮಾತು ಕೇಳಿರಲಿಲ್ಲ. ಕೂದಲು ಒಣಗಿಸುವ ಯಂತ್ರ ತಂದು, ಏಣಿ ಹತ್ತಿ, ಬಿಸಿಗಾಳಿ ಬಿಟ್ಟು ಅಂಟು ಸಡಿಲಿಸಿ, ಅಕ್ಷರಗಳನ್ನು ಒಂದೊಂದಾಗಿ ಕೀಳತೊಡಗಿದಳು.

ಪ್ರಾಂಶುಪಾಲರು ಸ್ಮರಣ ಸಂಚಿಕೆ ಹಿಡಿದು ಓಡಿ ಬಂದರು. "ಇದರಲ್ಲಿ ಅಚ್ಚಾಗಿದೆಯಲ್ಲಮ್ಮ."

"ಓಡಿದವರು ಇಲ್ಲೇ ಇದಾರೆ ಸಾರ್. ಅವರನ್ನೇ ಕೇಳಿ."

ಪ್ರಾಂಶುಪಾಲರು ಅತ್ತೆಯನ್ನು ನೋಡಿದರು, ಮೂಗನ್ನು ನೋಡಿದರು, ಫೋಟೋ ನೋಡಿದರು. ಪುಸ್ತಕ ಮುಚ್ಚಿಟ್ಟು ಏಣಿ ಹಿಡಿದುಕೊಂಡರು.

"ಏನು ಬರೀಲಿ ಅತ್ತೆ?"

"ಯಾರು ಅತ್ರು ಅನ್ನೋದು ಗೋಡೆಗೆ ಬೇಡ. ಓಡಿದ್ದು ಬರಿ."

ಸಂಜೆಗೆ ಹೊಸ ಸಾಲು ಅಂಟಿತು: 'ಗೆದ್ದವಳು ತಿರುಗಿ ಬಂದಳು. ಇಬ್ಬರೂ ಒಬ್ಬರಿಗೊಬ್ಬರು ಜೊತೆಯಾಗಿ ಓಡಿದರು.' ಅತ್ತೆ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

"ಕೆಳಗೆ ಹೆಸರಿಗೆ ಜಾಗ ಇದೆಯಾ?"

"ಇದೆ ಅತ್ತೆ."

"ಅವಳದು ಮೊದಲು ಹಾಕು, ಗೆದ್ದೋಳು ಅವಳೇ. ಪಕ್ಕದಲ್ಲಿ ನಂದು. ಅಕ್ಷರ ಮಾತ್ರ ಒಂದೇ ಅಳತೆ ಇರ್ಲಿ."