ಕೊಮಾದ್ರೆ ಆರಿಸಿಕೊಟ್ಟ ಮೊಲ

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ, ಒಂದು ಮೊಲಕ್ಕೆ ಇಷ್ಟೆಲ್ಲಾನಾ ಅಂತ ಅರ್ಧಕ್ಕೇ ಎದ್ದು ಹೋಗಬೇಡಿ. ಫಿದೆಲಿನಾಗೆ ಅದು ಬರೀ ಮೊಲವಾಗಿರಲಿಲ್ಲ. ಕೋರ್ದೊಬಾ ಬೆಟ್ಟದ ಅವಳ ಊರಿನಲ್ಲಿ ನೂಲುವ ಹೆಂಗಸರ ಗುಂಪೊಂದಿದೆ, ಅದರಲ್ಲಿ ಒಂದೇ ಒಂದು ಜಾಗ ಖಾಲಿಯಾಗಿತ್ತು. ಸ್ವಂತ ಮೊಲದ ಉಣ್ಣೆಯಿಂದ ತಾನೇ ನೂತ ಮೂರು ಲಡಿಗಳನ್ನು ವಸಂತದೊಳಗೆ, ಅಂದರೆ ಅಲ್ಲಿ ಸೆಪ್ಟೆಂಬರಿನೊಳಗೆ, ತಂದವಳಿಗೆ ಆ ಜಾಗ.

ಮೊಲ ಆರಿಸಲು ಅವಳು ರೊಸೌರಾಳನ್ನು ಕರೆದುಕೊಂಡು ಹೋದಳು. ರೊಸೌರಾ ಹನ್ನೆರಡು ವರ್ಷದಿಂದ ಮೊಲ ಸಾಕಿದವಳು, ಆ ಗುಂಪಿನವಳೇ. ಅದಕ್ಕಿಂತ ಹೆಚ್ಚಾಗಿ, ಫಿದೆಲಿನಾಳ ಮಗಳನ್ನು ಇಗರ್ಜಿಯಲ್ಲಿ ದೀಕ್ಷಾಸ್ನಾನದ ದಿನ ತೋಳಲ್ಲಿ ಹಿಡಿದು ಧರ್ಮತಾಯಿಯಾದವಳು. ಆವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಒಡಹುಟ್ಟಿದವಳ ಮಾತನ್ನಾದರೂ ಅನುಮಾನಿಸಬಹುದು. ಕೊಮಾದ್ರೆ ನೋಡಿ ಹೇಳಿದ್ದನ್ನು ಮತ್ತೊಬ್ಬರ ಹತ್ತಿರ ಕೇಳುವುದೆಂದರೆ ಆ ಊರಲ್ಲಿ ಅವಳ ಮುಖಕ್ಕೆ ಹೊಡೆದ ಹಾಗೆ.

ಮೊಲ ಸಾಕಿ ಮಾರುವ ಮುದುಕ ದೊನ್ ಅನ್ಸೆಲ್ಮೊನ ಕೊಟ್ಟಿಗೆಯಲ್ಲಿ ಮಾರಾಟಕ್ಕಿದ್ದದ್ದು ಎರಡು ಹೆಣ್ಣು ಮೊಲ. ಒಂದು ಬೂದು, ಉಣ್ಣೆಯ ನಡುನಡುವೆ ನೆಟ್ಟಗೆ ನಿಂತ ಕೂದಲು. ಇನ್ನೊಂದು ಬಿಳಿ, ಹಿಂಜಿದ ಹತ್ತಿಯ ಉಂಡೆ, ಕಣ್ಣೆಲ್ಲಿದೆ ಅಂತ ಹುಡುಕಬೇಕು. ಮುದುಕ ಮಾಟೆ ಚಹಾಕ್ಕೆ ನೀರು ಕಾಯಿಸಲು ಒಳಗೆ ಹೋದ. ಫಿದೆಲಿನಾ ಬೂದು ಮೊಲದ ಬೆನ್ನಿಗೆ ಮೆಲ್ಲಗೆ ಊದಿದಳು. ಉಣ್ಣೆ ಸರಾಗವಾಗಿ ಬಿಚ್ಚಿಕೊಂಡು ತಳದ ಗುಲಾಬಿ ಚರ್ಮ ಕಂಡಿತು.

"ಕೊಮಾದ್ರೆ, ನಂಗೆ ಇದೇ ಹಿಡಿಸ್ತು ಕಣೆ."

"ಇದಾ? ಪೊರಕೆ ಕಡ್ಡಿ ಥರ ಕೂದಲು ನಿಂತಿದೆ. ಇದನ್ನ ನೂತ್ರೆ ಹಾಕ್ಕೊಂಡೋರು ದಿನವಿಡೀ ಮೈ ಕೆರ್ಕೋತಾರೆ. ಆ ಬಿಳೀದು ಮುಟ್ಟಿ ನೋಡು."

"ಊದಿದ್ರೂ ಚರ್ಮಾನೇ ಕಾಣ್ತಿಲ್ಲ ಅದ್ರಲ್ಲಿ."

"ಅಷ್ಟು ಉಣ್ಣೆ ಇದೆ ಅಂತ. ನಿಂಗೆ ಮೊಲ ಬೇಕೋ, ಮುಳ್ಳುಹಂದಿ ಬೇಕೋ?"

ಇಬ್ಬರೂ ನಕ್ಕರು. ಬಿಳಿ ಮೊಲ ಮನೆಗೆ ಬಂತು.

ಎರಡನೇ ತಿಂಗಳಿಗೆ ಅದರ ಕಂಕುಳಲ್ಲಿ ಉಣ್ಣೆಯ ಗಂಟು, ಮೂರನೆಯದಕ್ಕೆ ಹೊಟ್ಟೆಯ ಉಣ್ಣೆಯೆಲ್ಲ ಅಂಟಿಕೊಂಡು ಕಂಬಳಿ. ಅವಳು ದಿನಾ ಬಾಚಿದಳು, ಮೊಲ ಒದ್ದು ಒದ್ದು ಅವಳ ಮುಂಗೈ ಗೀರಿತು. ಕೊನೆಗೆ ಕತ್ತರಿ ಹಿಡಿದಾಗ ಸಿಕ್ಕಿದ್ದು ಚಪ್ಪಲಿಯೊಳಗೆ ಹಾಸಬಹುದಾದ ತುಂಡುಗಳು. ಒಂದು ಲಡಿಯೂ ಆಗಲಿಲ್ಲ. ತನ್ನ ಕೈಗುಣವೇ ಸರಿಯಿಲ್ಲ ಅಂತ ಅವಳು ಅತ್ತಳು. ರೊಸೌರಾ ಬಂದು ಬೆನ್ನು ಸವರಿ ಸಮಾಧಾನ ಹೇಳಿಹೋದಳು.

ಆಗಸ್ಟಿನ ಕೊನೆಯಲ್ಲಿ, ಗಡುವಿಗೆ ಕೆಲವೇ ದಿನ ಉಳಿದಿದ್ದಾಗ, ದೊನ್ ಅನ್ಸೆಲ್ಮೊ ಒಣಹುಲ್ಲು ಇಳಿಸಲು ಬಂದ. ಪಂಜರ ನೋಡಿ ಕೇಳಿದ, "ಬೂದು ಮೊಲ ಎಲ್ಲಿ, ಅಮ್ಮ?"

"ಯಾವ ಬೂದು, ದೊನ್?"

"ಮಾರನೇ ದಿನಾನೇ ನಿನ್ನ ಕೊಮಾದ್ರೆ ಬಂದು ಒಯ್ದಳಲ್ಲ. ಅದನ್ನ ಹೊಸಬರಿಗೆ ಅಂತ್ಲೇ ಇಟ್ಟಿದ್ದೆ. ಆ ನೆಟ್ಟನೆ ಕೂದಲಿರೋದಕ್ಕೇ ಉಣ್ಣೆ ಗಂಟಾಗಲ್ಲ, ಮೊದಲ ಸಲ ಸಾಕೋರ ಕೈಲೂ ಕೆಡಲ್ಲ. ನಿಂಗಾದ್ರೆ ಕೊಡಲ್ಲ ಅಂದೆ ಅವಳಿಗೆ. 'ನಂಗಲ್ಲ, ಫಿದೆಲಿನಾ ಮನಸ್ಸು ಬದಲಾಯಿಸಿದ್ದಾಳೆ, ಇದೂ ಬೇಕಂತೆ' ಅಂದಳು."

ಫಿದೆಲಿನಾ ಐದು ವರ್ಷದ ಮಗಳು ನಿಲ್ದಾಳ ಕೈ ಹಿಡಿದು ನೇರ ರೊಸೌರಾಳ ಹಿತ್ತಲಿಗೆ ನಡೆದಳು. ಮೊಲಗಳಿಗೆ ಸೀನು ರೋಗ, ಒಳಗೆ ಬರಬೇಡ ಅಂತ ರೊಸೌರಾ ಅವಳನ್ನು ತಿಂಗಳುಗಟ್ಟಲೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳಲ್ಲ. ಒಳಗೆ ಬೂದು ಮೊಲ ಆರು ಮರಿ ಹಾಕಿಕೊಂಡು ಆರಾಮಾಗಿ ಮಲಗಿತ್ತು.

"ಒಂದು ವರ್ಷದಿಂದ ಕೇಳ್ತಿದ್ದೆ, ಆ ಮುದುಕ ಕೊಡ್ಲಿಲ್ಲ," ಅಂದಳು ರೊಸೌರಾ, ತಲೆ ಎತ್ತದೆ. "ನೀನು ಮೊದಲ ದಿನಾನೇ ಊದಿ ಕಂಡುಹಿಡಿದೆ. ನಂಗೆ ಹೊಟ್ಟೆ ಉರೀತು."

"ಉರೀಲಿ ಬಿಡು. ನನ್ನ ಹೆಸರು ಹೇಳಿ ಇದನ್ನ ತಂದ್ಯಲ್ಲೇ."

"ಹೌದು, ಹೇಳ್ದೆ."

ರೊಸೌರಾ ಒಂದು ಮರಿ ಎತ್ತಿ ನಿಲ್ದಾಳ ಕೈಗಿಟ್ಟಳು. "ತಗೋ ಮಗಳೇ." ಆಮೇಲೆ ಫಿದೆಲಿನಾ ಕಡೆ ತಿರುಗಿ, "ಶನಿವಾರ ಗುಂಪು ಆ ಜಾಗ ಯಾರಿಗೆ ಅಂತ ಹೇಳೋವಾಗ ಈ ಮಾತು ಎತ್ತಬೇಡ ಕೊಮಾದ್ರೆ. ನನ್ನನ್ನ ಹೊರಗೆ ಹಾಕ್ತಾರೆ," ಅಂದಳು.

ಮಾತು ಎತ್ತಿದರೆ ಫಿದೆಲಿನಾಗೆ ಇನ್ನಷ್ಟು ಕಾಲ ಕೊಟ್ಟು ಜಾಗ ಕಾಯ್ದಿರಿಸುತ್ತಾರೆ, ಆದರೆ ಕೊಮಾದ್ರೆಯ ನಂಟು ಮುರಿಯುತ್ತದೆ, ಮಗಳಿಗೆ ಇನ್ನೊಬ್ಬ ಧರ್ಮತಾಯಿ ಸಿಗುವುದಿಲ್ಲ. ಎತ್ತದಿದ್ದರೆ ಶನಿವಾರ ಆ ಜಾಗ ಬೇರೆಯವಳ ಪಾಲು, ಕೈಗುಣ ಕೆಟ್ಟವಳು ಎಂಬ ಹೆಸರು ತನ್ನ ಪಾಲು. ನಿಲ್ದಾ ಆಗಲೇ ಮರಿಯನ್ನು ಸ್ವೆಟರಿನೊಳಗೆ ಸೇರಿಸಿಕೊಂಡು, ಮನೆಗೆ ಹೋಗೋಣ ಅಂತ ಅಮ್ಮನ ಲಂಗ ಎಳೆಯುತ್ತಿದ್ದಳು.

ಅವಳ ಜಾಗದಲ್ಲಿ ನೀವಿದ್ದಿದ್ದರೆ ಆ ಮರಿಯನ್ನು ಮನೆಗೆ ಒಯ್ಯುತ್ತಿದ್ದಿರಾ?