ಸೌಟು ಕೈ ಬದಲಾಯಿಸಿದ ವರ್ಷ

ಇಪ್ಪತ್ತಾರು ವರ್ಷ ನುನಿಲಾ ಹಿಡಿದಿದ್ದ ಸೌಟು ಈ ಸಲ ಓರಗಿತ್ತಿ ಬೆನಿಲ್ದೆಯ ಪಾಲಾಯಿತು. ನುನಿಲಾಳ ಮಣಿಕಟ್ಟು ಮುರಿದು ಕೂಡಿಕೊಂಡದ್ದೇ ನೆಪ. ಸಂತ ಫಾಬಿಯನ್ ಹಬ್ಬದ ಬೆಂಕಿಗೆ ಸೌದೆ ಒಟ್ಟುವಾಗ ಬೀದಿಯವರು, "ಪಾಪ, ಆಕೆಗೆ ಹಂಡೆ ತಿರುವೋದು ಕಷ್ಟ" ಎಂದು ತೀರ್ಮಾನಿಸಿಬಿಟ್ಟರು. ಆ 'ಪಾಪ' ಕೇಳಿ ನುನಿಲಾಳ ಹೊಟ್ಟೆಗೆ ಕಿಚ್ಚು ಬಿತ್ತು.

ಆ ಬೀದಿಯಲ್ಲಿ ಸೌಟು ಹಿಡಿದವರು ಸಾಸೇಜು ಸುಡುವ ಕೆಂಡದ ಹತ್ತಿರ ಸುಳಿಯುವಂತಿಲ್ಲ. ಇಷ್ಟು ವರ್ಷ ನುನಿಲಾ ಪೊಂಚೊ ಕಾಯಿಸುತ್ತಿದ್ದಳು: ಕೆಂಪು ವೈನು, ಚಕ್ಕೆ, ಸಕ್ಕರೆ, ಒಣ ಅಂಜೂರ, ಒಣಗಿಸಿದ ಪೀಚ್ ಹೋಳು. ಬೆನಿಲ್ದೆ ತಾನೇ ತುಂಬಿದ ಹಂದಿ ಸಾಸೇಜು ಸುಡುತ್ತಿದ್ದಳು. ಈ ಸಲ ಅದಲುಬದಲು. ಬೆಳಿಗ್ಗೆಯೇ ಬೆನಿಲ್ದೆ ಸಾಸೇಜಿನ ಸರಗಳನ್ನು ತಂದು ನುನಿಲಾಳ ಉಗ್ರಾಣದಲ್ಲಿ ತೂಗುಹಾಕಿದಳು.

"ಅಕ್ಕಾ, ಅಂಜೂರ ಎಷ್ಟು ಹಾಕ್ಲಿ?"

"ಇಷ್ಟು ವರ್ಷ ಪಕ್ಕದಲ್ಲೇ ನಿಂತು ನೋಡಿಲ್ವಾ? ನನ್ನನ್ನೇನು ಕೇಳ್ತೀಯ?"

ಪೊಂಚೊ ಕಳೆಕಟ್ಟುವುದು ಉಪ್ಪು, ಖಾರ, ಜಿಡ್ಡಿನ ಜೊತೆ. ಸಿಹಿ ತಿಂದು ಕುಡಿದರೆ ಬರೀ ಹುಳಿ, ಒಗರು. ಇದು ನುನಿಲಾಳಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆ ಅವಳು ಸಾಸೇಜನ್ನು ಉಗ್ರಾಣದಲ್ಲೇ ಬಿಟ್ಟು, ಸಿಹಿಕುಂಬಳ ತುಂಬಿದ ರೊಟ್ಟಿಗಳನ್ನು ಹೊತ್ತು ಬಂದಳು.

"ಸಾಸೇಜೆಲ್ಲಿ?" ಎಂದ ಪಕ್ಕದ ಮನೆಯ ಪೊನ್ಸಿಯಾನೊ.

"ಬೂಸ್ಟು ಹಿಡಿದಿತ್ತು. ಅದನ್ನ ಹೇಗೆ ಬಡಿಸ್ಲಿ?"

ಬೆನಿಲ್ದೆಯ ಮುಖ ಸಣ್ಣಗಾಯಿತು. ಆದರೂ ಪದ್ಧತಿಯಂತೆ ಮೊದಲ ಸೌಟನ್ನು ಬೀದಿಗೇ ಹಿರಿಯಳಾದ ಅತ್ತೆ ಒರೋಸಿಯಾಗೆ ಬಡಿಸಿ, ಆಮೇಲೆ ಎಲ್ಲರಿಗೂ ಹಂಚಿದಳು. ಜನ ರೊಟ್ಟಿ ಕಚ್ಚಿ, ಕುಡಿದು, ಮುಖ ಹಿಂಡಿದರು.

"ಏನಮ್ಮಾ ಬೆನಿಲ್ದೆ, ವಿನೆಗರ್ ಕಾಯ್ಸಿದ್ಯಾ?"

ನುನಿಲಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಒರೋಸಿಯಾ ಮಾತ್ರ ನಿಧಾನವಾಗಿ ಇನ್ನೊಂದು ಗುಟುಕು ಹೀರಿದಳು. ತೊಂಬತ್ತೊಂದಾದರೂ ನಾಲಿಗೆಗೆ ಮುಪ್ಪಿರಲಿಲ್ಲ. "ಸುಮ್ನೆ ಆ ಹುಡುಗೀನ ಯಾಕೆ ಅಂತೀರಿ? ಇದು ನುನಿಲಾಳ ಪೊಂಚೊನೇ. ಒಂದು ಅಂಜೂರ ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಹಾಗಾದ್ರೆ ಇಷ್ಟು ವರ್ಷ ನಾವು ಹೊಗಳಿದ್ದು ಬೆನಿಲ್ದೆಯ ಸಾಸೇಜನ್ನ ಅನ್ನಿ!" ಎಂದ ಪೊನ್ಸಿಯಾನೊ.

ಬೀದಿಗೆ ಬೀದಿಯೇ ನಕ್ಕಿತು. ನುನಿಲಾ ಕುಡಿದ ಹಾಲು ಅಲ್ಲೇ ಒಡೆಯಿತು. ಬಾಯಿ ಮುಚ್ಚಿಕೊಂಡಿದ್ದರೆ ಇಪ್ಪತ್ತಾರು ವರ್ಷದ ಹೆಸರು ಇವತ್ತೇ ವಿನೆಗರ್ ಆಗುತ್ತದೆ. ಬಾಯಿ ಬಿಟ್ಟರೆ ಸುಳ್ಳಿಯಾಗುತ್ತಾಳೆ. ಓರಗಿತ್ತಿಗೆ ತೋಡಿದ ಗುಂಡಿಗೆ ತಾನೇ ಬಿದ್ದಿದ್ದಳು.

ಅವಳು ಸರಸರನೆ ಮನೆಗೆ ಹೋಗಿ, ಸಾಸೇಜಿನ ಸರಗಳನ್ನು ಹೆಗಲಿಗೇರಿಸಿಕೊಂಡು ಬಂದಳು. ಒಂದು ಚುಕ್ಕೆ ಬೂಸ್ಟೂ ಇರಲಿಲ್ಲ.

"ಬೂಸ್ಟು ಹಿಡಿದಿದ್ದು ನನ್ನ ಬುದ್ಧಿಗೆ. ಸರೀರಿ ಅತ್ಲಾಗೆ" ಎಂದು ಕೆಂಡದ ಮುಂದೆ ಕೂತಳು.

ಜಿಡ್ಡು ಕೆಂಡಕ್ಕೆ ತೊಟ್ಟಿಕ್ಕಿ ಘಮ ಎದ್ದ ಮೇಲೆ ಎಲ್ಲರ ಲೋಟವೂ ಮತ್ತೆ ಹಂಡೆಯ ಕಡೆ ಹೊರಟಿತು. "ಇದಪ್ಪಾ ಪೊಂಚೊ! ಭೇಷ್ ಬೆನಿಲ್ದೆ!"

ಬೆನಿಲ್ದೆ ಕೆಂಡದಿಂದ ಒಂದು ಮಾರು ದೂರದಲ್ಲೇ ನಿಂತು, ಕೈ ಚಾಚಿ ಒಂದು ಲೋಟ ಕೊಟ್ಟಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಹಾಳಾದವಳು ಒಳ್ಳೆಯವಳೂ ಆಗಿದ್ದಾಳಲ್ಲ ಎಂದು ನುನಿಲಾಳಿಗೆ ಇನ್ನಷ್ಟು ಉರಿಯಿತು. ಸಾಸೇಜು ಕಚ್ಚಿ, ಒಂದೇ ಉಸಿರಿಗೆ ಕುಡಿದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಬೇರೆಯವರು ಬಡಿಸಿದ್ದು.

"ಹೇಗಿದೆ ಅಕ್ಕಾ?"

"ಸಕ್ಕರೆ ಒಂಚೂರು ಜಾಸ್ತಿ" ಎಂದು ನುನಿಲಾ ಖಾಲಿ ಲೋಟವನ್ನು ಮತ್ತೆ ಮುಂದೆ ಹಿಡಿದಳು.