ಕನ್ನಡಿಯಲ್ಲಿ ಕಂಡ ಎಡಗಾಲಿ

ಬೆಳಗಾದರೆ ಸೊಸೆಗೆ ಲೈಸೆನ್ಸಿನ ಪರೀಕ್ಷೆ. ಹೋದ ಸಲ ಅವಳು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಳು. ಹ್ಯಾಂಡ್‌ಬ್ರೇಕ್ ಎಳೆದು ದಿಬ್ಬದ ಮೇಲೆ ನಿಲ್ಲಿಸಿದ ಪುಟ್ಟ ಕಾರು ಮಾತ್ರ ನಿಲ್ಲಲೊಲ್ಲದೆ, ಏನೋ ಮರೆತು ಬಂದವರಂತೆ ಮೆಲ್ಲಮೆಲ್ಲನೆ ಹಿಂದಕ್ಕೆ ಜಾರಿತ್ತು. ಕೆಳಗೆ ಕೂತಿದ್ದ ಪರೀಕ್ಷಕರು ಕುರ್ಚಿಯನ್ನೂ ಎತ್ತಿಕೊಂಡೇ ಓಡಿದ್ದರು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್ ಕೆಲಸ ಅವಳ ಕೈಗೆ ಬಂದಿತ್ತು; ಲೈಸೆನ್ಸ್ ಇಲ್ಲವೆಂದರೆ ಅದು ಬೇರೆಯವರ ಪಾಲು.

"ಹಿಂದಿನ ಬ್ರೇಕ್ ಡ್ರಮ್ಮಲ್ಲಿ ಧೂಳು ಕಟ್ಟಿದೆ, ಒಳಗಿನ ಬ್ರೇಕ್ ಶೂ ಹಿಡೀತಿಲ್ಲ. ಮಧ್ಯಾಹ್ನದೊಳಗೆ ಮುಗಿಸ್ತೀವಿ ಬಿಡಮ್ಮ," ಎಂದರು ಮಾವ. ಮುಂದಿನ ಚಕ್ರಗಳಿಗೆ ಇಟ್ಟಿಗೆ ಒತ್ತು ಕೊಟ್ಟು, ಹಿಂಭಾಗವನ್ನು ಜಾಕಿನಿಂದೆತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ಹಿಂದಿನ ಚಕ್ರ ಬಿಚ್ಚಿ, ಬಲಗಾಲಿಗೆ ಅಪ್ಪ, ಎಡಗಾಲಿಗೆ ಮಗ ಎಂದು ಹಂಚಿಕೊಂಡು ಕೂತರು.

ಡ್ರಮ್ಮು ಕಳಚಲೇ ಇಲ್ಲ. ಅಪ್ಪ ತಟ್ಟಿದರು, ಮಗ ಬಡಿದ. ಕಿಟಕಿಯ ಬಳಿ ನಾಳೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಸೊಸೆ ಬಂದು ಕಾರಿನೊಳಗೆ ಇಣುಕಿದಳು. ಹ್ಯಾಂಡ್‌ಬ್ರೇಕ್ ಮೇಲೆದ್ದು ನಿಂತಿತ್ತು.

"ನಾನೇ ಎಳೆದೆ," ಎಂದರು ಅತ್ತೆ, ಜಗಲಿಯಿಂದ. ನಿಂತ ಕಾರಿನ ಪಕ್ಕ ಹಾದಾಗಲೆಲ್ಲ ಒಳಗೆ ಕೈಹಾಕಿ ಅದನ್ನು ಎಳೆದು ಬರುವುದು ಅವರ ರೂಢಿ. "ಉರುಳಿ ಹೋದ್ರೆ?"

"ಅದನ್ನ ಎಳೆದಿದ್ರೆ ಶೂ ಡ್ರಮ್ಮನ್ನ ಅಪ್ಪಿಕೊಂಡಿರುತ್ತೆ ಕಣೇ," ಎಂದರು ಮಾವ. "ಬಿಡು ಅಂದ್ರೆ ಬಿಡುತ್ತಾ?"

ಸೊಸೆ ಬ್ರೇಕ್ ಇಳಿಸಿದಳು. ಡ್ರಮ್ಮುಗಳು ಕಳಚಿ ಬಂದವು. ಒಳಗೆ ಕಪ್ಪು ಹಿಟ್ಟಿನಂಥ ಧೂಳು. ಗಂಡ ಊದಲು ಕೆನ್ನೆ ಉಬ್ಬಿಸಿದ.

"ಊದಬೇಡ್ರೀ, ಒದ್ದೆ ಬಟ್ಟೇಲಿ ಒರಸಿ. ಆ ಧೂಳು ಎದೆಗೆ ಹೋದ್ರೆ ನನ್ನ ಮೊದಲ ರೋಗಿ ನೀವೇ."

ಅವನು ಕೆನ್ನೆ ಇಳಿಸಿದ. ಅವಳು ಇಸ್ತ್ರಿಗೆ ಮರಳಿದಳು.

ಮಾವನವರು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದವರಲ್ಲ. ಬೆಲ್ಟು ಬಿಗಿಯುವಾಗಲೂ ‘ಈ ತೂತು ಬಿಗಿ, ಆ ತೂತು ಸಡಿಲ’ ಎಂದು ರಾಗವೆಳೆಯುವವರು. ಮನೆಯವರು ಅದಕ್ಕೆ ಕಿವಿಗೊಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೆ ಸೊಸೆ ಅಜ್ಜಿಯ ಪದ್ಯಗಳನ್ನು ಕೇಳಿಯೇ ಬೆಳೆದವಳು. ಕಿವಿಗೆ ಬಿದ್ದ ಸಾಲು ತಾನಾಗಿ ಒಳಗಿಳಿದು ಕೂರುತ್ತಿತ್ತು.

ಅರ್ಧ ಗಂಟೆಯಾದ ಮೇಲೆ ಹೊರಗೆ ರಾಗ ನಿಂತಿತು. ಅದು ಒಳ್ಳೆಯ ಲಕ್ಷಣವಲ್ಲವೆಂದು ಅವಳು ಓಡಿ ಬಂದಳು.

"ನೀನು ಯಾಕೋ ಪೂರ್ತಿ ಬಿಚ್ಚಿದೆ?" ಎನ್ನುತ್ತಿದ್ದರು ಮಾವ. "ನಾನು ನಿನ್ನ ಕಡೆ ನೋಡ್ಕೊಂಡು ಜೋಡಿಸೋಣ ಅಂತಿದ್ದೆ."

"ನಾನು ನಿಮ್ಮ ಕಡೆ ನೋಡ್ಕೊಂಡು ಜೋಡಿಸೋಣ ಅಂತಿದ್ದೆ, ಅಪ್ಪ."

"ಬಿಚ್ಚಿದ ಸಾಮಾನಾದ್ರೂ ಎಲ್ಲಿ?" ಎಂದರು ಮಾವ.

ಅತ್ತೆ ಸೆರಗಿಗೆ ಕೈ ಒರಸಿಕೊಂಡರು. "ಎಷ್ಟು ಕೊಳಕಾಗಿತ್ತು ಅಂತೀರಿ. ಎರಡೂ ಕಡೇದು ಒಂದೇ ಬಕೆಟ್ಟಿಗೆ ಹಾಕಿ ಉಜ್ಜಿದೀನಿ."

ಹಳೆಯ ಚಾದರದ ಮೇಲೆ ಎಡದ ಸ್ಪ್ರಿಂಗು, ಬಲದ ಕೊಕ್ಕೆ, ಯಾವುದರದೋ ಕಡ್ಡಿ ಎಲ್ಲವೂ ಮದುಮಕ್ಕಳ ಹಾಗೆ ಫಳಫಳ ಹೊಳೆಯುತ್ತ ಒಣಗುತ್ತಿದ್ದವು. ಭಾನುವಾರ ಗ್ಯಾರೇಜಿಗೂ ಬೀಗ. ನರ್ಸ್ ಕೆಲಸ ದಿಬ್ಬದಿಂದ ಹಿಂದೆ ಹಿಂದೆ ಜಾರುತ್ತಿರುವುದು ಸೊಸೆಗೆ ಕಣ್ಣಾರೆ ಕಂಡಿತು.

ಅವಳು ಚಾದರದ ಅಂಚಿನಲ್ಲಿ ಕೂತು ಕಣ್ಣು ಮುಚ್ಚಿದಳು.

"ಮಾವ, ಬಿಚ್ಚೋವಾಗ ನೀವು ಕೊನೇಗೆ ಹಾಡಿದ್ದು, ‘ಗೀರು ಬಿದ್ದ ಅಡ್ಡಕಡ್ಡಿ, ಗೀರು ಹೊರಗೆ, ಹಲ್ಲು ಮುಂದೆ.’ ಅಂದ್ರೆ ಮೊದಲು ಅದನ್ನ ಹಾಕ್ಬೇಕು."

ಮಾವನ ಬಾಯಿ ತೆರೆದುಕೊಂಡಿತು. "ನಾನು ಹಾಡಿದ್ನಾ?"

"ಅದಕ್ಕೂ ಮೊದಲು, ‘ಉದ್ದನೆ ಸ್ಪ್ರಿಂಗು ಮೇಲೆ, ಗಿಡ್ಡ ಕೆಳಗೆ.’ ಅದಕ್ಕೂ ಮೊದಲು, ‘ಮೊಳೆ ಒತ್ತು, ತಟ್ಟೆ ತಿರುಗಿಸು, ಅಯ್ಯೋ ಬೆರಳು.’"

"ಅದು ಹಾಡಲ್ಲಮ್ಮ, ನಿಜವಾಗ್ಲೂ ಬೆರಳೇ."

ಅವಳು ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಹಿಮ್ಮುಖವಾಗಿ ಹೇಳುತ್ತ ಹೋದಳು. ಮಾವ ಜೋಡಿಸುತ್ತ ಹೋದರು. ಬಲಗಾಲಿ ಮುಗಿಯಿತು. ಮಗ ಕೊಕ್ಕೆಯೊಂದನ್ನು ಹಿಡಿದು ಎಡಗಾಲಿಯ ಮುಂದೆ ನಿಂತೇ ಇದ್ದ.

"ಎಡದ್ದು ಬಲದ್ದಕ್ಕೆ ತಿರುಗಾಮುರುಗಾ. ನನಗೆ ತಲೆ ತಿರುಗ್ತಿದೆ."

"ನೀನು ಸುಮ್ನೆ ಕೆಲಸ ಮಾಡೋನು. ಒಂದು ಸಾಲು ಹಾಡಿದ್ರೆ ಏನು ಗಂಟು ಹೋಗ್ತಿತ್ತು?" ಎಂದರು ಮಾವ.

ಅತ್ತೆ ಒಳಗೆ ಹೋದರು. ಬರುವಾಗ ತಲೆ ಬಾಚುವ ಕನ್ನಡಿ ಕೈಯಲ್ಲಿತ್ತು. ಬಲಗಾಲಿಯ ಎದುರು ಅದನ್ನು ಹಿಡಿದು ಹೇಳಿದರು: "ನೋಡಿ, ತಿರುಗಾಮುರುಗಾ."

ಕನ್ನಡಿಯಲ್ಲಿ ಎಡಗಾಲಿ ಕೊಕ್ಕೆಸಮೇತ ಕೂತಿತ್ತು. ಮಗ ಅತ್ತಿಂದಿತ್ತ ಓಡಾಡಿ, ನೋಡಿ ಬಂದು ಒಂದೊಂದೇ ತುಂಡು ಕೂರಿಸಿದ. ಅತ್ತೆ ಕೈ ಸೋತರೂ ಕನ್ನಡಿ ಅಲುಗಿಸಲಿಲ್ಲ. ನಡುವೆ ಒಮ್ಮೆ ತಮ್ಮ ಕಡೆ ತಿರುಗಿಸಿಕೊಂಡು ಕೂದಲು ಸರಿಮಾಡಿಕೊಂಡರು, ಅಷ್ಟೇ.

ಮರುದಿನ ಪರೀಕ್ಷಕರು ಕುರ್ಚಿಯ ಗೊಡವೆಗೇ ಹೋಗದೆ ಬೇಲಿಯಾಚೆ ನಿಂತಿದ್ದರು. ಸೊಸೆ ದಿಬ್ಬದ ನಡುವೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಪೆಡಲಿನಿಂದ ಕಾಲು ತೆಗೆದಳು. ಗೀರು ಹೊರಗೆ, ಹಲ್ಲು ಮುಂದೆ, ಎಂದು ತುಟಿಯೊಳಗೇ ಹೇಳಿಕೊಂಡಳು. ಕಾರು ಕದಲಲಿಲ್ಲ. ಪರೀಕ್ಷಕರು ಸ್ವಲ್ಪ ಕಾದರು, ಆಮೇಲೆ ಬೇಲಿಯ ಈಚೆ ಬಂದರು.

ಪಾಸಾಗಿ ಮನೆಗೆ ಬಂದು ಸುದ್ದಿ ಹೇಳಿದ್ದೇ ತಡ, ವಾದ ಹತ್ತಿಕೊಂಡಿತು.

"ಹಿಡಿದಿದ್ದು ಬಲಗಾಲಿ," ಎಂದರು ಮಾವ.

"ಎಡದ್ದು, ಅಪ್ಪ. ಬೇಕಾದ್ರೆ ಬ್ರೇಕ್ ಇಳಿಸಿ ತಳ್ಳೋಣ, ಯಾವುದು ಬಿಗಿ ಅಂತ ಗೊತ್ತಾಗುತ್ತೆ."

ಇಬ್ಬರೂ ಹೆಗಲು ಕೊಟ್ಟರು. ಮುಖ ಕೆಂಪಾಯಿತು, ಕಾರು ಕದಲಲಿಲ್ಲ.

"ಬ್ರೇಕ್ ಇಳಿಸಿದ್ಯೇನೋ?"

"ಇಳಿಸಿದೀನಿ. ಆಗಲೇ."

ಸೊಸೆ ಜಗಲಿಯ ಕಡೆ ನೋಡಿದಳು. ಅತ್ತೆ ಕನ್ನಡಿಗೆ ಅಂಟಿದ ಕಪ್ಪನ್ನು ಒರಸುತ್ತ, ತಮಗೇನೂ ಸಂಬಂಧವಿಲ್ಲವೆಂಬಂತೆ ಕೂತಿದ್ದರು.

"ಇಬ್ರೂ ಸ್ವಲ್ಪ ಸರೀರಿ," ಎಂದು ಸೊಸೆ ಕಾರಿನ ಬಾಗಿಲು ತೆಗೆದು, ಮೇಲೆದ್ದು ನಿಂತಿದ್ದ ಹ್ಯಾಂಡ್‌ಬ್ರೇಕ್ ಇಳಿಸಿದಳು. "ನಾನು ಕೆಲಸಕ್ಕೆ ಒಪ್ಪಿಗೆ ಹೇಳಿ ಬರಬೇಕು."